ಮುಚ್ಚಳದ ಮೇಲೊಂದು ಕುಂಕುಮದ ಜಾಗ

ಹಸ್ತಾ ಮಳೆ ಮುಗಿದು ಚಿತ್ತಾ ಹಿಡಿದಿದೆ. ಆಯುಧಪೂಜೆಗೆ ಕಟ್ಟಿದ ಬಾಳೆಕಂದುಗಳು ಗವಿಪುರದ ಗೇಟುಗಳಲ್ಲಿ ಒಣಗಿ ಜೋತುಬಿದ್ದಿದ್ದವು. ರಾತ್ರಿಯಿಡೀ ಹನಿದ ಮಳೆಗೆ ನೆನೆದು ಮತ್ತೆ ಮೆತ್ತಗಾಗಿವೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಗಾಧರೇಶ್ವರನ ಗುಡಿಯ ಕಡೆಯಿಂದ ಮೊದಲ ಗಂಟೆ ಕೇಳಿಸುವ ಹೊತ್ತಿಗೆ ಬೀದಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದು ಅಂಬುಜಮ್ಮನವರ ಮನೆಯ ಕಾರ್ ಶೆಡ್ಡು. ಅಲ್ಲಿ ಕಾರು ನಿಂತು ಎಷ್ಟೋ ವರ್ಷವಾಯಿತು. ಈಗ ಅದು ಪಿಳ್ಳಮ್ಮನವರು ಬಾಡಿಗೆಗೆ ಹಿಡಿದ ಬ್ಯಾಟರಿ ಕಾರ್ಖಾನೆ.

ಕೆಲಸಕ್ಕೆ ಕೂರುವ ಮೊದಲು ಪಿಳ್ಳಮ್ಮ ಮೈಮೇಲಿನ ಲೋಹವನ್ನೆಲ್ಲ ಕಳಚಿಡುತ್ತಾರೆ. ಬಳೆ, ಉಂಗುರ, ಸೆರಗಿನ ಪಿನ್ನು. ಕೊನೆಗೆ ಕರಿಮಣಿ ಸರವನ್ನೂ ತೆಗೆದು, ಕಣ್ಣಿಗೊತ್ತಿಕೊಂಡು, ದೇವರ ಪಟದ ಪಕ್ಕದ ಮೊಳೆಗೆ ಹಾಕುತ್ತಾರೆ. ಅದೇ ಮೊಳೆಯಲ್ಲಿ ತೂಗುವ, ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರ ಆಮೇಲೆ ಕೊರಳಿಗೇರುತ್ತದೆ. ಬಗ್ಗಿ ಕೆಲಸ ಮಾಡುವಾಗ ಚಿನ್ನದ ತಾಳಿ ಬ್ಯಾಟರಿಯ ಎರಡು ತುದಿಗೆ ಒಟ್ಟಿಗೇ ತಾಗಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಗೆ ಕಾದು ಎದೆ ಸುಡುತ್ತದೆ.

“ಗಂಡ ಗುಂಡುಕಲ್ಲಿನ ಹಂಗೆ ಇರೋವಾಗ ತಾಳಿ ತೆಗೀತಾಳೆ ಅಂತ ಮೊದ್ಲು ಬೀದೀಲಿ ಆಡ್ಕೊಂಡ್ರು,” ಎನ್ನುತ್ತಾರೆ ಅವರು, ಕೈಗೆ ರಬ್ಬರ್ ಗ್ಲೌಸು ಏರಿಸಿಕೊಳ್ಳುತ್ತಾ. “ಈ ದಾರ ಹೊಸೆದು ಕೊಟ್ಟಿದ್ದೇ ನಮ್ಮೆಜಮಾನ್ರು. ಕೆಲಸದ ತಾಳಿ ಅಂತ ಹೆಸರೂ ಇಟ್ಟವ್ರೆ.” ಆದರೂ ಶೆಡ್ಡಿನ ಹೊಸ್ತಿಲು ದಾಟುವಾಗ ಅವರು ಮರೆಯದೆ ಸರ ಹಾಕಿಕೊಂಡೇ ಹೋಗುತ್ತಾರೆ. ಬೀದಿಯ ಕಣ್ಣು ಬೀದಿಯದ್ದು.

ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ನೋಡಲು ಮದುಮಗಳ ಟ್ರಂಕಿನ ಅರ್ಧದಷ್ಟು, ಎತ್ತಲು ಹೋದರೆ ಅರ್ಧ ಮೂಟೆ ರಾಗಿಯಷ್ಟು. ದೊಡ್ಡಬೈರಪ್ಪನವರ ಸೊಪ್ಪಿನ ಗಾಡಿಯ ಬ್ಯಾಟರಿ ಅದು. ಮೂರು ಗಾಲಿಯ ಆ ಕರೆಂಟು ಗಾಡಿಯಲ್ಲಿ ಅವರು ನಸುಕಿಗೇ ಮಾರ್ಕೆಟ್ಟಿನಿಂದ ಮೆಂತ್ಯ, ದಂಟು, ಸಬ್ಬಸಿಗೆ ತುಂಬಿಕೊಂಡು ಹನುಮಂತನಗರ, ಗವಿಪುರ, ತ್ಯಾಗರಾಜನಗರದ ಬೀದಿ ಸುತ್ತುತ್ತಾರೆ. ಗಾಡಿಯ ಜೊತೆ ಬಂದಿದ್ದ ಬ್ಯಾಟರಿ ಸತ್ತಾಗ, ಕಂಪನಿಯ ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ ಅವರು ಬಂದದ್ದು ಇಲ್ಲಿಗೆ. ಅದು ಎರಡು ವರ್ಷದ ಹಿಂದಿನ ಮಾತು. ಪಿಳ್ಳಮ್ಮ ಕಟ್ಟಿಕೊಟ್ಟ ಪೆಟ್ಟಿಗೆ ಅಲ್ಲಿಂದೀಚೆಗೆ ಒಂದು ದಿನವೂ ಮೊಂಡುಬಿದ್ದಿರಲಿಲ್ಲ. ನಿನ್ನೆ ಬೆಳಿಗ್ಗೆ ಹನುಮಂತನಗರದ ಗುಡ್ಡದ ಏರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ನಿಂತಿದೆ. ಯಾರು ಯಾರನ್ನೋ ಕರೆದು, ತಳ್ಳಿಸಿಕೊಂಡು, ಬೈರಪ್ಪ ಇಲ್ಲಿಗೆ ಮುಟ್ಟುವಷ್ಟರಲ್ಲಿ ಕೊತ್ತಂಬರಿ ಬಾಡಿ ಹೋಗಿತ್ತು.

ಬೈರಪ್ಪ ಈಗ ಶೆಡ್ಡಿನ ಬಾಗಿಲಲ್ಲಿ, ತಲೆಯ ಟವೆಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದಾರೆ. ಆಸ್ಪತ್ರೆಯ ಹೊರಗೆ ನಿಲ್ಲುವವರು ಹಾಗೆ ನಿಲ್ಲುತ್ತಾರೆ.

ಪಿಳ್ಳಮ್ಮ ಹಿಡಿಗೆಲ್ಲ ಇನ್ಸುಲೇಷನ್ ಟೇಪು ಸುತ್ತಿದ ಸ್ಪ್ಯಾನರಿನಿಂದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ನಾಲ್ಕನೆಯದಕ್ಕೆ ಬರುವಾಗಲೇ ಅವರ ಕೈ ನಿಧಾನವಾಗುತ್ತದೆ. ತಾವು ಹಾಕಿದ ಬಿಗಿ ಅದಲ್ಲ. ಯಾರೋ ಬಿಚ್ಚಿ ಮತ್ತೆ ಹಾಕಿದ್ದಾರೆ. ಮುಚ್ಚಳ ಎತ್ತಿದರೆ, ಅಂಚಿಗೆ ಕೂರಬೇಕಾದ ರಬ್ಬರು ಪಟ್ಟಿ ಒಂದು ಮೂಲೆಯಲ್ಲಿ ಮಡಿಸಿಕೊಂಡು ಒಳಗೆ ಬಿದ್ದಿದೆ. ಆ ಸಂದಿನಿಂದ ಇಳಿದ ನೀರು ತಳದಲ್ಲಿ ನಿಂತಿದೆ. ಸಾಲಾಗಿ ನಿಂತ, ಇಟ್ಟಿಗೆಯಂಥ ನೀಲಿ ಸೆಲ್‌ಗಳ ಮೇಲೆ ಅರಿಶಿನ ಕುಂಕುಮದ ಬೊಟ್ಟುಗಳು. ನಟ್ಟನಡುವೆ ಕೊಳೆತು ಕಪ್ಪಾದ ಒಂದು ಚೆಂಡು ಹೂವು.

ಪಿಳ್ಳಮ್ಮ ಬಾಗಿಲ ಕಡೆ ತಿರುಗಿ ನೋಡುತ್ತಾರೆ.

“ಅನ್ನ ಕೊಡೋ ಪೆಟ್ಟಿಗೆ ಅಕ್ಕ,” ಎನ್ನುತ್ತಾರೆ ಬೈರಪ್ಪ, ನೆಲ ನೋಡುತ್ತಾ. “ಗಾಲಿಗೆ ನಿಂಬೆಹಣ್ಣಿಟ್ಟೆ, ಹ್ಯಾಂಡಲ್‌ಗೆ ಹಾರ ಹಾಕ್ದೆ. ಗಾಡಿ ಓಡ್ಸೋದೇ ಇದು. ಇದಕ್ಕೆ ಏನೂ ಇಕ್ಕದೆ ಹೆಂಗಿರ್ಲಿ? ತಗಡಿನ ಮೇಲೆ ಇಕ್ಕಿದ್ರೆ ಅದಕ್ಕೆ ಸಲ್ಲುತ್ತಾ?”

ಪಿಳ್ಳಮ್ಮ ಹೂವನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಬೈಯುವುದಿಲ್ಲ.

ಸೊಪ್ಪಿಗೆ ಹೊತ್ತುಹೊತ್ತಿಗೂ ನೀರು ಚಿಮುಕಿಸದಿದ್ದರೆ ಆಗದು. ಗಾಡಿಯ ಹಲಗೆಯ ಸಂದಿನಿಂದ ಆ ನೀರು ಪೆಟ್ಟಿಗೆಯ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಇದು ಗೊತ್ತಿದ್ದೇ ಅವರು ರಬ್ಬರು ಪಟ್ಟಿಯನ್ನು ಎರಡು ಸುತ್ತು ಕೂರಿಸಿ, ಮುಚ್ಚಳ ಬಿಗಿದಿದ್ದರು. ಸೊಪ್ಪಿನ ನೀರನ್ನು ಅವರು ಲೆಕ್ಕಕ್ಕೆ ಹಿಡಿದಿದ್ದರು. ಭಕ್ತಿಯನ್ನು ಹಿಡಿದಿರಲಿಲ್ಲ.

ಪಿಳ್ಳಮ್ಮ ಹುಟ್ಟಿದ್ದು ತಾವರೆಕೆರೆಯ ಆಚೆಯ ಒಂದು ಹಳ್ಳಿಯಲ್ಲಿ, ರಾಗಿ ಹೊಲದವರ ಮನೆಯಲ್ಲಿ. ಮದುವೆಯಾಗಿ ಗವಿಪುರಕ್ಕೆ ಬಂದ ಮೇಲೆ, ಟೆಲಿಫೋನಿನ ಬಿಡಿಭಾಗ ಜೋಡಿಸುವ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸಕ್ಕೆ ಸೇರಿದರು. ಉದ್ದನೆಯ ಬೆಂಚು, ಅದರ ಎರಡೂ ಬದಿಗೆ ಹೆಂಗಸರು, ಒಬ್ಬೊಬ್ಬರ ಮುಂದೂ ಒಂದು ಬೆಸುಗೆ ಕಡ್ಡಿ. ಕೂದಲೆಳೆಯಂಥ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಬೆಸೆಯಬೇಕು. ಹೆಚ್ಚು ಹೊತ್ತು ಕಾಯಿಸಿದರೆ ಬೋರ್ಡು ಸುಡುತ್ತದೆ, ಕಡಿಮೆಯಾದರೆ ತಂತಿ ಬಿಟ್ಟುಕೊಳ್ಳುತ್ತದೆ. “ಒಗ್ಗರಣೇಲಿ ಸಾಸ್ವೆ ಸಿಡಿಯೋ ಹೊತ್ತು ಇದೆಯಲ್ಲ, ಅಷ್ಟೇ ಹೊತ್ತು,” ಎನ್ನುತ್ತಾರೆ ಪಿಳ್ಳಮ್ಮ. ಜನರ ಕೈಗೆ ಮೊಬೈಲು ಬಂದಂತೆ ಕಾರ್ಖಾನೆ ಸೊರಗಿ, ಕೊನೆಗೊಂದು ದಿನ ಬಾಗಿಲು ಹಾಕಿತು. ಆಮೇಲೆ ಬಟ್ಟೆಗೆ ಗುಂಡಿ ಹಚ್ಚಿದ್ದುಂಟು, ಮದುವೆ ಮನೆಗಳಿಗೆ ಚಪಾತಿ ಒತ್ತಿದ್ದುಂಟು. ಬೆಸುಗೆ ಕಡ್ಡಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು.

ಅದು ಮತ್ತೆ ಹೊರಗೆ ಬಂದದ್ದು ಮನೆಯ ಸ್ಕೂಟರಿನ ದೆಸೆಯಿಂದ. ಪತಿ ನಾರಾಯಣಪ್ಪನವರು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಮಂಡಿನೋವಿಗೆ ಕಿಕ್ ಹೊಡೆಯುವುದು ಬೇಡವೆಂದು ಕರೆಂಟು ಸ್ಕೂಟರು ಕೊಂಡರು. ವಾರಂಟಿ ಮುಗಿದ ಕೆಲವೇ ದಿನಕ್ಕೆ ಬ್ಯಾಟರಿ ಕೈಕೊಟ್ಟಿತು. ಮಾರಿದ ಅಂಗಡಿಯನ್ನು ಹುಡುಕಿಕೊಂಡು ಹೋದರೆ ಅಲ್ಲಿ ಬಿರಿಯಾನಿ ಹೋಟೆಲಾಗಿತ್ತು. “ಸ್ಕೂಟರ್ ಎಲ್ಲಿ ಅಂತ ಕೇಳಿದ್ರೆ ಹಾಫಾ ಫುಲ್ಲಾ ಅಂತಾರೆ,” ಎಂದು ನಾರಾಯಣಪ್ಪ ಈಗಲೂ ನಗುತ್ತಾರೆ. ಆಗ ನಗು ಬಂದಿರಲಿಲ್ಲ. ಗೋಣಿತಾಟು ಹೊದ್ದು ಅಂಗಳದಲ್ಲಿ ನಿಂತ ಸ್ಕೂಟರನ್ನು ಒಂದು ಮಳೆಗಾಲ ಪೂರ್ತಿ ನೋಡಿ ನೋಡಿ, ಪಿಳ್ಳಮ್ಮ ಅದರ ಬ್ಯಾಟರಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಚಾಮರಾಜಪೇಟೆಗೆ ಹೋದರು.

ಅಲ್ಲಿ ವರದರಾಜ ಅವರ ಬ್ಯಾಟರಿ ಅಂಗಡಿಯಿದೆ. ಕಾರು, ಟ್ರ್ಯಾಕ್ಟರುಗಳ ಹಳೆಯ ಮಾದರಿಯ, ಆಸಿಡ್ಡು ನೀರು ಹಾಕುವ ಬ್ಯಾಟರಿಗಳನ್ನು ಅವರು ಮೊದಲಿನಿಂದಲೂ ರಿಪೇರಿ ಮಾಡಿಕೊಂಡು ಬಂದವರು. ಕರೆಂಟು ಗಾಡಿಯ ಲಿಥಿಯಂ ಬ್ಯಾಟರಿ ಅವರಿಗೂ ಹೊಸದು. ಪಿಳ್ಳಮ್ಮನ ಗಂಟನ್ನು ಬಿಚ್ಚಿ ನೋಡಿ ಅವರು ಆಡಿದ ಮೊದಲ ಮಾತನ್ನು ಪಿಳ್ಳಮ್ಮ ಇಂದಿಗೂ ಹೇಳುತ್ತಾರೆ: “ಇದು ಸೊಕ್ಕಿನ ಹಸು ಕಣಮ್ಮ. ಹಾಲು ಬಿಂದಿಗೆ ಬಿಂದಿಗೆ ಕೊಡುತ್ತೆ. ತಪ್ಪಿ ಕೈ ಹಾಕಿದ್ರೆ ಎದೆಗೇ ಒದೆಯುತ್ತೆ.”

ಇಬ್ಬರೂ ಒಟ್ಟಿಗೆ ಕಲಿತರು. ಕೊಯಮತ್ತೂರಿನ ಯಾರೋ ಒಬ್ಬರು ತಮಿಳಿನಲ್ಲಿ ಹೇಳಿಕೊಡುವ ವಿಡಿಯೋಗಳನ್ನು ಪಿಳ್ಳಮ್ಮ ಕಾರ್ಖಾನೆಯ ಬೆಂಚಿನಲ್ಲಿ ಕಲಿತ ತಮಿಳಿನಿಂದ ಅರ್ಥ ಮಾಡಿಕೊಂಡು ವರದರಾಜರಿಗೆ ಹೇಳುವರು. ವರದರಾಜರು ಅದನ್ನು ಅಂಗಡಿಯ ಮೀಟರು ಹಿಡಿದು ನಿಜವೋ ಸುಳ್ಳೋ ನೋಡುವರು. ಎರಡು ಸೆಲ್ಲು ಕೆಟ್ಟವು, ಒಂದು ಸಲ ಮರಳಿನ ಬಕೆಟ್ಟು ಕೆಲಸಕ್ಕೆ ಬಂತು. ಕೊನೆಗೆ ಹೊಸ ಸೆಲ್‌ಗಳಿಂದ ಕಟ್ಟಿದ ಮೊದಲ ಬ್ಯಾಟರಿಯನ್ನು ಸ್ಕೂಟರಿಗೆ ಹಾಕಿ, ನಾರಾಯಣಪ್ಪನವರನ್ನು ಲಾಲ್‌ಬಾಗ್ ಗೇಟಿನವರೆಗೆ ಹೋಗಿ ಬನ್ನಿ ಎಂದು ಕಳಿಸಿದರು. ಹೋದವರು ಬರಲೇ ಇಲ್ಲ. ಗಾಡಿ ಎಲ್ಲಿ ನಿಂತಿತೋ, ಹೊಗೆ ಬಂತೋ ಎಂದು ಪಿಳ್ಳಮ್ಮ ಬೀದಿಯ ಕೊನೆಗೆ ಓಡಿ ಹೋಗಿ ನಿಂತರೆ, ಯಜಮಾನರು ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿಂದು, ಹೆಂಡತಿಗೂ ಒಂದು ಕಟ್ಟಿಸಿಕೊಂಡು ನಿಧಾನವಾಗಿ ಬರುತ್ತಿದ್ದರು.

ಆ ಸ್ಕೂಟರು ಇಂದಿಗೂ ಓಡುತ್ತಿದೆ. ಅದನ್ನು ನೋಡಿ ಪಕ್ಕದ ಬೀದಿಯವರು ಬಂದರು, ಅವರನ್ನು ನೋಡಿ ಮತ್ತೊಬ್ಬರು. ಈಗ ತಿಂಗಳಿಗೆ ನಾಲ್ಕೈದು ಪೆಟ್ಟಿಗೆ ಇಲ್ಲಿಂದ ಹೊರಡುತ್ತವೆ. ಅದಕ್ಕಿಂತ ಹೆಚ್ಚು ಪಿಳ್ಳಮ್ಮ ಒಪ್ಪುವುದಿಲ್ಲ. ಕಾರಣ ಅವರು ಕೆಲಸ ಮಾಡುವ ರೀತಿಯಲ್ಲಿದೆ. ಹೊಸ ಸೆಲ್‌ಗಳು ಬಂದ ಕೂಡಲೇ ಅವರು ಕಟ್ಟುವುದಿಲ್ಲ. ಒಂದೊಂದನ್ನೂ ತುಂಬಿಸಿ, ಅಳೆದು, ಮೇಲೊಂದು ಚೀಟಿ ಅಂಟಿಸಿ, ವಾರ ಹತ್ತು ದಿನ ಸುಮ್ಮನೆ ಹಲಗೆಯ ಮೇಲೆ ಬಿಡುತ್ತಾರೆ. ಆಮೇಲೆ ಮತ್ತೆ ಅಳೆಯುತ್ತಾರೆ. ಯಾವುದು ತಾನಾಗಿಯೇ ಸೋರಿ ಇಳಿದಿದೆಯೋ ಅದು ಪಕ್ಕಕ್ಕೆ. ಅವರ ತಂದೆ ಬಿತ್ತನೆಗೆ ಮೊದಲು ಒಂದು ಹಿಡಿ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಿದ್ದರಂತೆ. “ಮೊಳಕೆ ನೋಡದೆ ಬಿತ್ತಿದ್ರೆ ಭೂಮಿಗೂ ಮೋಸ, ಬಿತ್ತೋನಿಗೂ ಮೋಸ ಅನ್ನೋರು ನಮ್ಮಪ್ಪ. ಗಿರಾಕಿಗಳು ಬೇಗ ಕೊಡಮ್ಮ ಅಂತಾರೆ. ಕೊಡಬೋದು. ಏರಿನಲ್ಲಿ ನಿಂತ ಗಾಡೀನ ಯಾರು ತಳ್ತಾರೆ?”

ಏರಿನಲ್ಲಿ ನಿಂತ ಗಾಡಿಯೇ ಈಗ ಅವರ ಮುಂದಿದೆ.

ಹಳದಿ ಬೆಳಕಿನಲ್ಲಿ ಅವರು ಒಂದೊಂದೇ ಸೆಲ್ಲಿಗೆ ಮೀಟರಿನ ಕಡ್ಡಿ ತಾಗಿಸುತ್ತಾ ಹೋಗುತ್ತಾರೆ. ಪೆಟ್ಟಿಗೆಯೊಳಗಿನ ಹದಿನಾರು ಸೆಲ್‌ಗಳನ್ನೂ ಕಾಯುವ ಒಂದು ಬೋರ್ಡಿರುತ್ತದೆ. ಯಾವ ಸೆಲ್ಲೂ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಎಲ್ಲರೂ ಬಿಎಂಎಸ್ ಎನ್ನುವ ಅದನ್ನು ಪಿಳ್ಳಮ್ಮ ಮೇಸ್ತ್ರಿ ಎಂದೇ ಕರೆಯುತ್ತಾರೆ. ಮೇಸ್ತ್ರಿ ನೀರು ಕುಡಿದು ಸುಟ್ಟುಹೋಗಿದ್ದಾನೆ. ಅದು ದೊಡ್ಡದಲ್ಲ, ಎಸ್.ಪಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ. ಆದರೆ ಕೆಳ ಮೂಲೆಯ ನಾಲ್ಕು ಸೆಲ್‌ಗಳು ಒದ್ದೆ ತಂತಿಯ ಮೂಲಕ ದಿನವೂ ಸ್ವಲ್ಪ ಸ್ವಲ್ಪ ಸೋರಿ ಪೂರ್ತಿ ಬರಿದಾಗಿವೆ. ಒಮ್ಮೆ ಹಾಗೆ ಬತ್ತಿದ ಮೇಲೆ ಅವನ್ನು ಮತ್ತೆ ನಂಬುವಂತಿಲ್ಲ.

ನಾಲ್ಕು ಹೊಸದು ಹಾಕಿ ಮುಗಿಸಿಬಿಡಿ ಎನ್ನುತ್ತಾರೆ ಬೈರಪ್ಪ. ಪಿಳ್ಳಮ್ಮ ತಲೆಯಾಡಿಸುತ್ತಾರೆ. ಎರಡು ವರ್ಷ ದುಡಿದ ಸೆಲ್‌ಗಳ ಸಾಲಿಗೆ ಹೊಸದನ್ನು ಸೇರಿಸಿದರೆ ಮುದಿ ಎತ್ತಿನ ಜೊತೆ ಹೋರಿ ಹೂಡಿದಂತೆ. ಒಂದು ಎಳೆಯುತ್ತದೆ, ಒಂದು ತೇಕುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ಅದೇ ವಯಸ್ಸಿನ, ಅದೇ ತಂಡದ ನಾಲ್ಕು ಬೇಕು. ಅದಿಲ್ಲದಿದ್ದರೆ ಹದಿನಾರನ್ನೂ ಹೊಸದಾಗಿ ಕಟ್ಟಬೇಕು. ಹೊಸ ಸರಕು ದೀಪಾವಳಿ ಕಳೆಯುವವರೆಗೆ ಬರುವುದಿಲ್ಲ. ಬಂದರೂ ಅಷ್ಟರ ಖರ್ಚನ್ನು ಬೈರಪ್ಪ ಈಗ ಹೊರುವಂತಿಲ್ಲ.

ಬೈರಪ್ಪ ಲೆಕ್ಕ ಹಾಕುತ್ತಿರುವುದು ಬೇರೆಯದನ್ನು. ಈಚೆಗೆ ಅವರ ಬೀದಿಗಳಲ್ಲೂ ಫೋನು ಒತ್ತಿದರೆ ಸೊಪ್ಪು ಬಾಗಿಲಿಗೆ ಬರುತ್ತದೆ. ಆದರೂ ಜನ ಅವರಿಗೆ ಕಾಯುತ್ತಾರೆ. ಯಾರ ಮನೆಗೆ ನುಗ್ಗೆಸೊಪ್ಪು ಬೇಕು, ಯಾರ ಮನೆಯಲ್ಲಿ ಏಕಾದಶಿ, ಯಾರ ಸೊಸೆ ಬಸುರಿ ಎಂದು ಅವರಿಗೆ ಗೊತ್ತು. ಕಂತು ಕಟ್ಟಬೇಕಾದ ಗಾಡಿಯನ್ನು ನಿಲ್ಲಿಸಿಕೊಂಡು ದೀಪಾವಳಿವರೆಗೆ ಕೂತರೆ ಆ ಬೀದಿಗಳು ಉಳಿಯುವುದಿಲ್ಲ.

“ಒಂದು ವಾರ ಕಾಣ್ದಿದ್ರೆ ಬೈರಪ್ಪ ಎಲ್ಲಿ ಅಂತಾರೆ. ಎರಡನೇ ವಾರ ಯಾವ ಬೈರಪ್ಪ ಅಂತಾರೆ,” ಎನ್ನುತ್ತಾರೆ ಅವರು. ಅದು ದೂರಲ್ಲ. ಊರಿನ ರೀತಿ ಗೊತ್ತಿದ್ದವರ ಮಾತು.

ಪಿಳ್ಳಮ್ಮ ಗ್ಲೌಸು ಕಳಚುತ್ತಾರೆ. ದಾರ ಮೊಳೆಗೆ, ಸರ ಕೊರಳಿಗೆ. ಸ್ಕೂಟರು ಚಾಮರಾಜಪೇಟೆಯ ಕಡೆ ತಿರುಗುತ್ತದೆ.

ಆ ತಂಡದ ಸೆಲ್ಲು ಬೆಂಗಳೂರಿನಲ್ಲಿ ಮತ್ತೆಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಒಂದು ಕಡೆ ಇರುವುದು ಮಾತ್ರ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಅವರೂ ವರದರಾಜರೂ ಒಂದೇ ಪೆಟ್ಟಿಗೆ ಸರಕು ತರಿಸಿ ಹಂಚಿಕೊಂಡಿದ್ದರು. ಹದಿನಾರು ಬೈರಪ್ಪನ ಗಾಡಿಗೆ ಹೋದವು. ಎಂಟನ್ನು ವರದರಾಜರು ತಮ್ಮ ಅಂಗಡಿಯ ಅಟ್ಟದ ಮೇಲೆ ಸಾಲಾಗಿ ಕಟ್ಟಿಟ್ಟುಕೊಂಡಿದ್ದಾರೆ. ಕರೆಂಟು ಹೋದಾಗ ಅಂಗಡಿಯ ದೀಪ, ಫ್ಯಾನು, ಅಳೆಯುವ ಯಂತ್ರ ಎಲ್ಲವೂ ಅದರ ಮೇಲೆಯೇ ನಡೆಯುವುದು. ಎಂಟರಲ್ಲಿ ನಾಲ್ಕನ್ನು ತೆಗೆದರೆ ಉಳಿದ ನಾಲ್ಕು ಯಾವ ಕೆಲಸಕ್ಕೂ ಬಾರವು.

ಅಂಗಡಿಗೆ ಹೋಗಿ ಪಿಳ್ಳಮ್ಮ ಏನೂ ಕೇಳುವುದಿಲ್ಲ. ಸ್ಟೂಲಿನ ಮೇಲೆ ಕೂತು, ಬೈರಪ್ಪನ ಪೂಜೆಯ ಕಥೆ ಹೇಳುತ್ತಾರೆ. ವರದರಾಜರು ಮೊದಲು ನಗುತ್ತಾರೆ. ತಾವು ಅಂಗಡಿಯ ಬಾಗಿಲಿಗೇ ಪೂಜೆ ಮಾಡಿದವರಲ್ಲ, ಇವನು ಸೆಲ್ಲಿಗೆ ಕುಂಕುಮ ಇಟ್ಟನೇ ಎಂದು ಟೀ ತರಿಸುತ್ತಾರೆ. ಕಥೆ ನಾಲ್ಕು ಸೆಲ್ಲಿನ ಹತ್ತಿರ ಬಂದು ನಿಂತಾಗ ಅವರ ನಗುವೂ ನಿಲ್ಲುತ್ತದೆ. ಪಿಳ್ಳಮ್ಮ ಟೀ ಲೋಟದೊಳಗೆ ನೋಡುತ್ತಿದ್ದಾರೆ. ಅಟ್ಟದ ಕಡೆ ತಪ್ಪಿಯೂ ನೋಡುವುದಿಲ್ಲ.

“ಅಷ್ಟೆಲ್ಲ ಸುತ್ತಿ ಬಳಸಿ ಯಾಕಮ್ಮ,” ಎನ್ನುತ್ತಾರೆ ವರದರಾಜರು ಕೊನೆಗೆ. “ಏಣಿ ಹಿಡ್ಕೊ ಬಾ.”

ಎಪ್ಪತ್ತರ ಹತ್ತಿರದ ಆ ಮನುಷ್ಯ ತಾವೇ ಏಣಿ ಹತ್ತಿ, ತಾವೇ ಕಟ್ಟಿದ್ದ ಸಾಲನ್ನು ಬಿಚ್ಚಿ, ನಾಲ್ಕು ಸೆಲ್‌ಗಳನ್ನು ಒಂದೊಂದಾಗಿ ಕೆಳಗೆ ಕೊಡುತ್ತಾರೆ. ಸಾಯಂಕಾಲ ಕರೆಂಟು ಹೋದರೆ ಏನು ಮಾಡುತ್ತೀರೆಂದು ಪಿಳ್ಳಮ್ಮ ಕೇಳಿದ್ದಕ್ಕೆ, ಕರೆಂಟು ಬರುವ ಮೊದಲು ಚಾಮರಾಜಪೇಟೆಯವರು ಸಾಯಂಕಾಲ ಏನು ಮಾಡುತ್ತಿದ್ದರೋ ಅದನ್ನೇ ಎಂದು ಹೇಳಿ ಮೇಣದಬತ್ತಿಯ ಪೊಟ್ಟಣ ತೋರಿಸುತ್ತಾರೆ. ಇದರ ದುಡ್ಡು ಎಷ್ಟೆಂಬ ಮಾತು ಬಂದಾಗ ಇಬ್ಬರ ದನಿಯೂ ಸ್ವಲ್ಪ ಏರುತ್ತದೆ. ವರದರಾಜರು ಏನೂ ಬೇಡವೆನ್ನುತ್ತಾರೆ. ಪಿಳ್ಳಮ್ಮ ದುಡ್ಡು ಕೊಡುತ್ತೇನೆಂದೇ ಹೇಳಿಲ್ಲ.

“ಬಿತ್ತನೆ ಬೀಜ ಕಡ ತಂದ್ರೆ ದುಡ್ಡು ಕೊಟ್ಟು ತೀರ್ಸೋ ಹಂಗಿಲ್ಲ ವರದಣ್ಣ. ಬೀಜಾನೇ ಕೊಡ್ಬೇಕು. ಕೊಡ್ತೀನಿ. ಅಲ್ಲೀವರ್ಗೂ ನೀವು ಕತ್ಲೇಲಿ ಕೂತಿರೋದು ನನ್ನ ಲೆಕ್ಕದಲ್ಲಿರುತ್ತೆ.”

ಮುಂದಿನ ಎರಡು ದಿನ ಶೆಡ್ಡಿನ ಕೆಲಸ ನಿಧಾನವಾಗಿ ಸಾಗುತ್ತದೆ. ಹಳೆಯ ಹನ್ನೆರಡನ್ನು ಒರೆಸಿ, ಒಣಗಿಸಿ, ಕುಂಕುಮವನ್ನು ಹತ್ತಿಯಿಂದ ತೆಗೆಯುತ್ತಾರೆ. ಹದಿನಾರನ್ನೂ ಪಕ್ಕಪಕ್ಕಕ್ಕೆ ನಿಲ್ಲಿಸಿ, ಒಂದೊಂದನ್ನೂ ಹೆಚ್ಚುಕಡಿಮೆ ಸಮ ಮಾಡಿಕೊಂಡು, ಆಮೇಲೆ ಒಂದಕ್ಕೊಂದು ತಾಮ್ರದ ಪಟ್ಟಿ ಕಟ್ಟಿ ಬಿಡುತ್ತಾರೆ. ಗದ್ದೆಯ ಬದು ಕಡಿದರೆ ಎರಡು ಮಡಿಯ ನೀರು ತಾನೇ ಒಂದು ಮಟ್ಟಕ್ಕೆ ಬರುವಂತೆ, ಸೆಲ್‌ಗಳೂ ಒಂದು ಮಟ್ಟಕ್ಕೆ ಬರುತ್ತವೆ. ಅವಸರ ಮಾಡುವಂತಿಲ್ಲ. ಆಮೇಲೆ ಪೆಟ್ಟಿಗೆಯೊಳಗೆ ಜೋಡಣೆ, ಹೊಸ ಮೇಸ್ತ್ರಿ, ಅವನ ತೆಳು ತಂತಿಗಳು. ಬೆಸುಗೆ ಕಡ್ಡಿ ಮುಟ್ಟಿದ ಕಡೆ ಒಂದು ಸಣ್ಣ ಹೊಗೆ ಏಳುತ್ತದೆ, ಸಾಸಿವೆ ಸಿಡಿಯುವ ಹೊತ್ತು ಕಳೆಯುತ್ತದೆ, ಕೈ ಮುಂದಿನ ತಂತಿಗೆ ಹೋಗುತ್ತದೆ.

ಮುಚ್ಚಳ ಹಾಕುವ ಹೊತ್ತಿಗೆ ಮಾತ್ರ ಪಿಳ್ಳಮ್ಮ ಸುಮ್ಮನೆ ಕೂತುಬಿಡುತ್ತಾರೆ. ನಾರಾಯಣಪ್ಪನವರು ಕಾಫಿ ತಂದಿಟ್ಟು, ಇನ್ನು ಮೇಲೆ ಬಿಚ್ಚಿದರೆ ಕೈ ಮುರಿಯುತ್ತೇನೆಂದು ಬೈರಪ್ಪನಿಗೆ ಹೇಳು ಎನ್ನುತ್ತಾರೆ. ಬೀಗ ಹಾಕು ಎಂದೂ ಹೇಳುತ್ತಾರೆ.

“ಬೈದ್ರೆ ಮುಂದಿನ ವರ್ಷ ನಂಗೆ ಗೊತ್ತಾಗ್ದಂಗೆ ಬಿಚ್ತಾನೆ,” ಎನ್ನುತ್ತಾರೆ ಪಿಳ್ಳಮ್ಮ. “ಬೀಗ ಹಾಕಿದ್ರೆ ಬೀಗಕ್ಕೇ ಕುಂಕುಮ ಇಟ್ಟು, ಒಳಗಿನದಕ್ಕೆ ಇಡ್ಲಿಲ್ವಲ್ಲ ಅಂತ ವರ್ಷವಿಡೀ ಕೊರಗ್ತಾನೆ. ಅವ್ನು ಪೂಜೆ ಮಾಡೋದು ತಪ್ಪಲ್ಲ. ನಾನು ಅದಕ್ಕೊಂದು ಜಾಗ ಬಿಡ್ದೆ ಇದ್ದದ್ದು ತಪ್ಪು.”

ಮನೆಯೊಳಗೆ ಅಂಬುಜಮ್ಮನವರು ದಸರೆಯ ಬೊಂಬೆಗಳನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ತುಂಬುತ್ತಿದ್ದಾರೆ. ಪಿಳ್ಳಮ್ಮ ಅಂಗೈಯಗಲದ ಒಂದು ತಟ್ಟೆ ಕೇಳುತ್ತಾ ಹೋದಾಗ, ಬೊಂಬೆಯ ಅಡುಗೆಮನೆಯ ಆಟಿಕೆ ಪಾತ್ರೆಗಳಿಂದ ಅವರು ಎರಡು ಪುಟ್ಟ ಸ್ಟೀಲಿನ ತಟ್ಟೆ ತೆಗೆದುಕೊಡುತ್ತಾರೆ. ತಾಳಿ ತೆಗೆದಿಟ್ಟು ಕೂರುವುದಾದರೆ ನಮ್ಮ ಶೆಡ್ಡಿನಲ್ಲಿ ಬೇಡ ಎಂದು ಮೊದಲ ದಿನ ಹೇಳಿದವರೂ ಇದೇ ಅಂಬುಜಮ್ಮನವರು. ಈಗ ಯಾತಕ್ಕೆ ಎಂದು ಕೇಳಿ, ವಿಷಯ ತಿಳಿದು, “ಬ್ಯಾಟರಿ ಮೇಲೆ ಇಡೋದಾದ್ರೆ ಅಂಚಿರೋದೇ ಬೇಕು ಕಣೇ. ಗಾಡಿ ಕುಲುಕಿದ್ರೆ ಕುಂಕುಮ ಚೆಲ್ಲುತ್ತೆ,” ಎಂದು ಮೊದಲು ಕೊಟ್ಟಿದ್ದನ್ನು ವಾಪಸು ಪಡೆದು, ಅಂಚಿದ್ದ ಬೇರೆ ಎರಡನ್ನು ಹುಡುಕಿ ಕೊಡುತ್ತಾರೆ.

ಮುಚ್ಚಳದ ನಟ್ಟನಡುವೆ, ತಗಡಿಗೆ ತೂತು ಮಾಡದೆ, ಬರೀ ಗೋಂದಿನಿಂದ ತಟ್ಟೆಯನ್ನು ಅಂಟಿಸಿ ಪಿಳ್ಳಮ್ಮ ಬೋಲ್ಟು ಬಿಗಿಯುತ್ತಾರೆ. ಮೊದಲ ಕುಂಕುಮವನ್ನು ತಾವೇ ಇಡುತ್ತಾರೆ. ಗಾಡಿಗೆ ಕೂರಿಸುವಾಗ ಬೈರಪ್ಪ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಇಲ್ಲಿ ಇಟ್ಟರೆ ಒಳಗೆ ಸಲ್ಲುತ್ತದೆಯೇ ಎಂದು ಮೆಲ್ಲಗೆ ಕೇಳುತ್ತಾರೆ. ಗುಡಿಯಲ್ಲಿ ಗರ್ಭಗುಡಿಯೊಳಕ್ಕೆ ನುಗ್ಗಿ ಕುಂಕುಮ ಇಡುತ್ತೀಯಾ, ಹೊರಗೆ ನಿಂತು ಕೈಮುಗಿದರೆ ಸಲ್ಲುವುದಿಲ್ಲವೇ ಎಂದು ಪಿಳ್ಳಮ್ಮ ಕೇಳುತ್ತಾರೆ. ಬೈರಪ್ಪ ಯೋಚಿಸಿ, ಒಪ್ಪುತ್ತಾರೆ.

ಮರುದಿನ ಹನುಮಂತನಗರದ ಏರಿನಲ್ಲಿ ಗಾಡಿ ಸದ್ದಿಲ್ಲದೆ ಹತ್ತುತ್ತದೆ. ಸದ್ದು ಮಾಡುವುದು ಬೈರಪ್ಪ ಮಾತ್ರ. “ಸೊಪ್ಪೋ, ಮೆಂತ್ಯಾ, ಸಬ್ಸಿಗೆ” ಎಂಬ ಕೂಗಿಗೆ ಒಂದೊಂದೇ ಗೇಟು ತೆರೆಯುತ್ತದೆ. ಮೂರು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಫೋನಿನಲ್ಲಿ ತರಿಸಿದ ದಂಟು ಬರೀ ನಾರು ಎಂದು ಒಬ್ಬರು ಬೈಯುತ್ತಾರೆ. ಬೈರಪ್ಪ ಬೈಸಿಕೊಳ್ಳುತ್ತಾ ಸೊಪ್ಪಿಗೆ ನೀರು ಚಿಮುಕಿಸುತ್ತಾರೆ. ನೀರು ಹಲಗೆಯ ಸಂದಿನಲ್ಲಿ ಇಳಿದು, ಪೆಟ್ಟಿಗೆಯ ಮೇಲೆ ಬಿದ್ದು, ಜಾರಿ ರಸ್ತೆ ಸೇರುತ್ತದೆ.

ಆಮೇಲೆ ಬಂದ ಪೆಟ್ಟಿಗೆಗಳಿಗೂ ಪಿಳ್ಳಮ್ಮ ಮುಚ್ಚಳದ ಮೇಲೊಂದು ತಟ್ಟೆ ಕೂರಿಸುತ್ತಿದ್ದಾರೆ. ಅಂಬುಜಮ್ಮನವರ ಬೊಂಬೆಗಳಿಗೆ ಉಣ್ಣಲು ತಟ್ಟೆ ಉಳಿಯದೆ ಹೋದೀತೆಂದು ಈಗ ಅವೆನ್ಯೂ ರಸ್ತೆಯಿಂದ ತರಿಸುತ್ತಾರೆ. ಬೇಡವೆಂದ ಗಿರಾಕಿ ಇದುವರೆಗೆ ಒಬ್ಬರೂ ಇಲ್ಲ. ಸ್ಕೂಟರಿನ ಒಬ್ಬ ಗಿರಾಕಿ ಮಾತ್ರ ಅದರ ಮೇಲೆ ಶಿಲುಬೆಯ ಸ್ಟಿಕ್ಕರು ಅಂಟಿಸಿಕೊಂಡಿದ್ದಾರಂತೆ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಪಿಳ್ಳಮ್ಮ ದೊಡ್ಡ ಜಾಗ, ದೊಡ್ಡ ಬೋರ್ಡು ಎನ್ನುವುದಿಲ್ಲ. ಕಾರ್ಖಾನೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರ ಹೆಸರು ಹೇಳುತ್ತಾರೆ. ಕೆಲವರು ಇಲ್ಲ, ಕೆಲವರ ಕಣ್ಣು ಮಂಜಾಗಿದೆ. ಇಬ್ಬರು ತ್ಯಾಗರಾಜನಗರದಲ್ಲೇ ಇದ್ದಾರೆ. “ಆ ಕೈಗಳು ಸುಮ್ನೆ ಕೂತವೆ. ಬೆಸುಗೆ ಮರೆಯೋ ಕೈಗಳಲ್ಲ ಅವು. ಒಂದು ಬೆಂಚು ಹಾಕ್ಬೇಕು, ಅಷ್ಟೇ.” ಬೆಂಚು ಆಗಲೇ ಬಂದಿದೆ. ಶೆಡ್ಡಿನ ಗೋಡೆಗೆ ಒರಗಿಸಿಟ್ಟ ಅದಕ್ಕೆ ನಾರಾಯಣಪ್ಪನವರು ಒಂದು ಕಾಲು ಕೂರಿಸುವುದು ಬಾಕಿ.

ಇನ್ನೊಂದು ಬಾಕಿ ತೀರುವುದು ಸ್ವಾತಿ ಮಳೆಯಲ್ಲಿ.

ದೀಪಾವಳಿ ಕಳೆದು ಹೊಸ ಸರಕು ಬಂದಿದೆ. ಬಂದ ದಿನವೇ ಚಾಮರಾಜಪೇಟೆಗೆ ಹೋಗಬಹುದಿತ್ತು. ಆದರೆ ಮೊಳಕೆ ನೋಡದ ಬೀಜವನ್ನು ಸಾಲಕ್ಕೆ ತಿರುಗಿಸುವಂತಿಲ್ಲ. ಹತ್ತು ದಿನ ಹಲಗೆಯ ಮೇಲಿದ್ದು, ಇಳಿಯದೆ ನಿಂತವುಗಳಲ್ಲಿ ಒಳ್ಳೆಯದನ್ನು ಆರಿಸಿ, ಇವತ್ತು ಬೆಳಿಗ್ಗೆ ಅವರು ಸ್ಕೂಟರಿನ ಕಾಲ್ಹಲಗೆಯ ಮೇಲೆ ಹೇರಿಕೊಂಡು ಬಂದಿದ್ದಾರೆ. ವರದರಾಜರ ಅಂಗಡಿಯ ಕಿಟಕಿಯ ಕಟ್ಟೆಯ ಮೇಲೆ ಮೇಣ ಕರಗಿದ ಗುರುತುಗಳು ಸಾಲಾಗಿವೆ. ಅವರು ಡಬ್ಬ ತೆರೆದು ಎಣಿಸಿ, ಕನ್ನಡಕ ಮೇಲೇರಿಸುತ್ತಾರೆ.

“ನಾಲ್ಕು ತಗೊಂಡೋದೆ. ಎಂಟು ತಂದಿದೀಯ.”

“ಜೋಡಿ ಮುರಿದು ಎತ್ತು ತಗೊಂಡೋದೋರು ಜೋಡೀನೇ ತಂದು ಕಟ್ಬೇಕು ವರದಣ್ಣ. ನಿಮ್ಮ ಹಳೇ ನಾಲ್ಕಕ್ಕೆ ಹೊಸಾ ನಾಲ್ಕು ಸೇರಲ್ಲ. ಒಂಟಿ ಎತ್ತಿನಲ್ಲಿ ನೀವು ಏನು ಉಳ್ತೀರಿ?”

“ಚಾಮರಾಜಪೇಟೇಲಿ ನಾನು ಏನಮ್ಮ ಉಳ್ಲಿ,” ಎನ್ನುತ್ತಾರೆ ವರದರಾಜರು. ಆದರೆ ಏಣಿ ತರುತ್ತಾರೆ.

ಅಟ್ಟದ ಮೇಲಿದ್ದ ಹಳೆಯ ನಾಲ್ಕನ್ನು ಪಿಳ್ಳಮ್ಮ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾರೆ. ಬೈರಪ್ಪನ ಪೆಟ್ಟಿಗೆಗೆ ಮುಂದೆ ಆಪತ್ತು ಬಂದರೆ ಅವು ಬೇಕು. ಹೊಸ ಎಂಟನ್ನು ಒಂದೊಂದಾಗಿ ಅಳೆದು ನೋಡಲೇಬೇಕೆಂದು ಅವರು ಪಟ್ಟು ಹಿಡಿಯುತ್ತಾರೆ. ವರದರಾಜರು ಗೊಣಗುತ್ತಾ ಅಳೆಯುತ್ತಾರೆ. ಎಂಟಕ್ಕೂ ಮೀಟರಿನ ಮುಳ್ಳು ಒಂದೇ ಕಡೆ ನಿಂತಾಗ ಗೊಣಗುವುದು ನಿಲ್ಲುತ್ತದೆ. ಸಾಲು ಕಟ್ಟಿ ಮುಗಿದ ಮೇಲೆ ಅವರೇ ಹೋಗಿ ಅಂಗಡಿಯ ಮೇನ್ ಸ್ವಿಚ್ಚು ಆರಿಸುತ್ತಾರೆ. ದೀಪ ಒಂದು ಚೂರೂ ಮಿಟುಕದೆ ಉರಿಯುತ್ತಲೇ ಇದೆ. ಫ್ಯಾನು ತಿರುಗುತ್ತಿದೆ.

ಪಿಳ್ಳಮ್ಮ ಚೀಲದಿಂದ ಇನ್ನೊಂದು ವಸ್ತು ತೆಗೆದು ಮೇಜಿನ ಮೇಲಿಡುತ್ತಾರೆ. ಅಂಚಿರುವ ಪುಟ್ಟ ಸ್ಟೀಲಿನ ತಟ್ಟೆ. ಅಂಬುಜಮ್ಮನವರ ಎರಡರಲ್ಲಿ ಉಳಿದ ಒಂದು.

ತಾವು ಪೂಜೆ ಗೀಜೆ ಮಾಡುವವರಲ್ಲವೆಂದು ವರದರಾಜರು ನೆನಪಿಸುತ್ತಾರೆ.

“ಗೊತ್ತು. ಇದು ಕೊಸರು. ಕೊಸರಿಲ್ದೆ ಬೀಜ ತಿರುಗಿಸ್ಬಾರ್ದು. ಪೂಜೆ ಬೇಡ ಅಂದ್ರೆ ಸ್ಕ್ರೂ ಹಾಕಿಟ್ಕೊಳ್ಳಿ.”

ವರದರಾಜರು ಮೇಜಿನ ಮೇಲೆ ಉಳಿದಿದ್ದ ನಾಲ್ಕು ನಟ್ಟುಗಳನ್ನು ಆಯ್ದು ತಟ್ಟೆಯೊಳಗೆ ಹಾಕುತ್ತಾರೆ. ತಟ್ಟೆಯನ್ನು ಎತ್ತಿ ಒಮ್ಮೆ ಕುಲುಕಿ ನೋಡುತ್ತಾರೆ, ನಟ್ಟುಗಳು ಚೆಲ್ಲುವುದಿಲ್ಲ. ಅದನ್ನು ಹೊಸ ಸಾಲಿನ ಪಕ್ಕ, ಅಟ್ಟದ ಅಂಚಿಗೆ ಇಟ್ಟು ಏಣಿ ಇಳಿಯುತ್ತಾರೆ.

“ಇನ್ನು ಏನೂ ಬಾಕಿ ಇಲ್ಲ ತಾನೆ?”

“ಏನೂ ಇಲ್ಲ.”

ಹೊರಗೆ ಸ್ವಾತಿಯ ಸಣ್ಣ ಹನಿ. ಪಿಳ್ಳಮ್ಮ ಸೆರಗು ತಲೆಗೆಳೆದುಕೊಂಡು ಸ್ಕೂಟರು ಹತ್ತುವಾಗ, ಬಾಗಿಲವರೆಗೆ ಬಂದ ವರದರಾಜರು ಅವರ ಕೊರಳು ನೋಡಿ, “ಸರ ಮರ್ತು ಬಂದಿದೀಯಲ್ಲಮ್ಮ, ದಾರ ಹಾಕ್ಕೊಂಡೇ ಬಂದಿದೀಯ,” ಎನ್ನುತ್ತಾರೆ.

ಪಿಳ್ಳಮ್ಮ ಅರಿಶಿನದ ಕೊಂಬನ್ನು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತಾರೆ. ಗವಿಪುರದಿಂದ ಇಲ್ಲಿಯವರೆಗೆ ಅದನ್ನು ಬೀದಿಯೆಲ್ಲ ನೋಡಿದೆ.

“ಮರೆತಿಲ್ಲ ವರದಣ್ಣ,” ಎನ್ನುತ್ತಾರೆ. “ಹೋಗಿ ಮಾಡೋ ಕೆಲಸ ಇನ್ನೂ ಇದೆ.”